ಮಸಿಯೊಳಗಣ ಬೆಳಕೂ ರಾರಾವಿಯ ಬಾವಿಯ ನೀರೂ

ದೀಪದ ಕುಡಿಯ ಮೇಲೆ ಕವುಚಿದ ಬಟ್ಟಲಿನ ತಳದಲ್ಲಿ ಕಟ್ಟಿದ ಮಸಿಯನ್ನು ನಮ್ಮ ತಾಯಂದಿರು ಕಾಡಿಗೆಯಾಗಿ ಮಾಡಿ ಕೂಸಿನ ಕಣ್ಣಿಗೆ ಹಚ್ಚುತ್ತಿದ್ದರು. ಪಾಠಶಾಲೆಯ ಹುಡುಗರು ಅದೇ ಮಸಿಯನ್ನು ಹಲಗೆಗೆ ಬಳಿದು ಅಕ್ಷರ ತಿದ್ದುತ್ತಿದ್ದರು. ಕಪ್ಪೆಂಬುದಕ್ಕೆ ಮಸಿಗಿಂತ ಮಿಗಿಲಾದ ದೃಷ್ಟಾಂತವು ನಮ್ಮ ಭಾಷೆಯಲ್ಲಿಲ್ಲ. ಆ ಮಸಿಯಲ್ಲಿಯೇ ಬೆಳಕು ಅಡಗಿರುವುದೆಂದು ಯಾರಾದರೂ ಹೇಳಿದ್ದರೆ, ಒಗಟು ಹೇಳುತ್ತಿರುವನೆಂದು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ 2007ರಲ್ಲಿ ಅಮೇರಿಕೆಯ ರಸಾಯನಶಾಸ್ತ್ರಜ್ಞರು ಮೇಣದ ಬತ್ತಿಯ ಮಸಿಯನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿ, ಅದರೊಳಗಿನ ಅತಿ ಸೂಕ್ಷ್ಮವಾದ ಕಣಗಳನ್ನು ಬೇರ್ಪಡಿಸಿ, ನೇರಳಾತೀತ ಕಿರಣದ ದೀಪದ ಕೆಳಗೆ ಹಿಡಿದರು. ಕಣಗಳು ಬಗೆಬಗೆಯ ಬಣ್ಣದಿಂದ ಹೊಳೆದವು. ಒಗಟು ನಿಜವಾಯಿತು.

ದಿನಪತ್ರಿಕೆಯ ಸಂಪಾದಕೀಯಕ್ಕೂ ಪ್ರಯೋಗಶಾಲೆಯ ಮಸಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ವಿಜ್ಞಾನದಲ್ಲಿ ನಮ್ಮ ಪಾಂಡಿತ್ಯವು ಮೆಟ್ರಿಕ್ಯುಲೇಶನ್ನಿಗೇ ಮುಗಿದುದೆಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೂ ಈ ವಿಷಯವನ್ನು ಎತ್ತಿಕೊಂಡಿರುವುದು, ಅದು ಪಂಡಿತರ ವಿನೋದವಾಗಿ ಉಳಿಯದೆ ನಮ್ಮ ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರಿನ ಕೊಡದ ನೀರಿಗೆ ಬಂದು ಮುಟ್ಟುವುದರಿಂದ. ಕುಡಿಯುವ ನೀರು ಪಂಡಿತರ ವಿಷಯವಲ್ಲ. ಅದು ಮಹಾಜನರ ವಿಷಯ.

ಮೊದಲು ವಸ್ತು ಎಂಥದೆಂಬುದನ್ನು ತಿಳಿಯೋಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ನಾವು ಹೇಳುತ್ತಿರುವ ಇಂಗಾಲದ ಕಣಗಳು ಸಾಮಾನ್ಯವಾಗಿ 10 ನ್ಯಾನೋಮೀಟರಿಗಿಂತ ಕಿರಿದಾದವು. ಅಂದರೆ ಲಕ್ಷ ಕಣಗಳನ್ನು ಸಾಲಾಗಿ ಜೋಡಿಸಿದರೂ ಒಂದು ಮಿಲಿಮೀಟರು ತುಂಬಲಾರದು. 2004ರಲ್ಲಿ ಅಮೇರಿಕೆಯ ದಕ್ಷಿಣ ಕೆರೊಲಿನಾದಲ್ಲಿ ಇಂಗಾಲದ ಸೂಕ್ಷ್ಮ ಕೊಳವೆಗಳನ್ನು ಶುದ್ಧಿಮಾಡುತ್ತಿದ್ದವರಿಗೆ ಇವು ಬೇಡದ ಕಲ್ಮಷವಾಗಿ ದೊರೆತವು. 2006ರಲ್ಲಿ ಕ್ಲೆಮ್‌ಸನ್ ವಿಶ್ವವಿದ್ಯಾಲಯದ ಯಾ-ಪಿಂಗ್ ಸುನ್ ಎಂಬವರೂ ಅವರ ಸಂಗಡಿಗರೂ ಇವುಗಳ ಮೈಗೆ ತಕ್ಕ ಹೊದಿಕೆ ಕೊಟ್ಟು ಬೆಳಕನ್ನು ಹೆಚ್ಚಿಸಿ, ಇಂಗಾಲದ ಚುಕ್ಕೆಗಳೆಂದು ಹೆಸರಿಟ್ಟರು. ಕಸದಲ್ಲಿ ಸಿಕ್ಕಿದುದು ಹೀಗೆ ಕುಲವುಳ್ಳದ್ದಾಯಿತು.

ಇವುಗಳನ್ನು ಮಾಡುವ ಬಗೆಯೂ ಬಹಳ ದುಬಾರಿಯಾದುದಲ್ಲ. ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲವನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ ಬೇಯಿಸಿದರೆ ಕಂದುಬಣ್ಣದ ದ್ರವವಾಗುತ್ತದೆ. ಅದರಲ್ಲಿ ಈ ಕಣಗಳು ಹುಟ್ಟುತ್ತವೆ. ಭದ್ರವಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 160ರಿಂದ 200 ಡಿಗ್ರಿಯ ಶಾಖದಲ್ಲಿ ಕೆಲವು ತಾಸು ಬೇಯಿಸುವುದು ರೂಢಿಯ ಕ್ರಮ. 2012ರಲ್ಲಿ ನಮ್ಮ ದೇಶದ ಸಂಶೋಧಕರೇ ಕಿತ್ತಳೆಯ ರಸದಿಂದ ಇಂಥ ಕಣಗಳನ್ನು ಮಾಡಿ, ಅವುಗಳಿಂದ ಜೀವಕೋಶಗಳನ್ನು ಬೆಳಗಿಸಿ ತೋರಿಸಿದರು. ಬತ್ತದ ಹೊಟ್ಟಿನಿಂದಲೂ ಇವನ್ನು ಮಾಡಿದವರುಂಟು. ಸಿರುಗುಪ್ಪದ ಅಕ್ಕಿಯ ಗಿರಣಿಗಳ ಹಿಂದೆ ರಾಶಿಬಿದ್ದಿರುವ ಹೊಟ್ಟನ್ನು ಕಂಡವರಿಗೆ ಈ ಮಾತು ಕಿವಿ ನಿಮಿರಿಸತಕ್ಕದ್ದೇ ಸರಿ.

ಇನ್ನು ಬೆರಕೆಯ ಮಾತು. ಅಕ್ಕಸಾಲಿಗನು ಬಂಗಾರಕ್ಕೆ ತಾಮ್ರವನ್ನು ಕೂಡಿಸುವುದು ಬಂಗಾರವನ್ನು ಕೆಡಿಸಲಿಕ್ಕಲ್ಲ, ಒಡವೆ ಗಟ್ಟಿಯಾಗಿ ನಿಲ್ಲಲಿಕ್ಕೆ. ಅದರಂತೆ ಇಂಗಾಲದ ಕಣದಲ್ಲಿ ಸಾರಜನಕ, ಗಂಧಕ, ರಂಜಕ, ಬೋರಾನ್ ಇವುಗಳ ಪರಮಾಣುಗಳನ್ನು ಅಷ್ಟಿಷ್ಟು ಸೇರಿಸಿದರೆ ಅದರ ಬೆಳಕು ಪ್ರಖರವಾಗುತ್ತದೆ, ಬಣ್ಣವು ಬದಲಾಗುತ್ತದೆ, ಯಾವ ವಸ್ತುವನ್ನು ಕಂಡರೆ ಪ್ರತಿಕ್ರಿಯೆ ತೋರಬೇಕೆಂಬ ಗುಣವೂ ಬೇರೆಯಾಗುತ್ತದೆ. ಸಾರಜನಕಕ್ಕೆ ಯೂರಿಯಾ, ಬೋರಾನಿಗೆ ಬೋರಿಕ್ ಆಮ್ಲ, ರಂಜಕಕ್ಕೆ ಫಾಸ್ಫಾರಿಕ್ ಆಮ್ಲ ಒದಗುತ್ತವೆ. ಎಲ್ಲವೂ ಪೇಟೆಯಲ್ಲಿ ಸಿಕ್ಕುವ ಪದಾರ್ಥಗಳೇ. 2013ರಲ್ಲಿ ಚೀನದ ಸಂಶೋಧಕರು ಸಿಟ್ರಿಕ್ ಆಮ್ಲಕ್ಕೆ ಸಾರಜನಕವುಳ್ಳ ಎಥಿಲೀನ್ ಡಯಮೀನನ್ನು ಕೂಡಿಸಿ, ಹೀರಿದ ಬೆಳಕಿನ ನೂರು ಕಣಗಳಿಗೆ ಸುಮಾರು ಎಂಬತ್ತನ್ನು ಹಿಂದಿರುಗಿಸುವಷ್ಟು ಹೊಳಪನ್ನು ಸಾಧಿಸಿದರು.

ಈ ಹೊಳಪಿಗೆ ಪ್ರತಿದೀಪ್ತಿಯೆಂದು ಹೆಸರು. ಕಣ್ಣಿಗೆ ಕಾಣದ ಕಿರಣವನ್ನು ಹೀರಿ, ಕಣ್ಣಿಗೆ ಕಾಣುವ ಬೆಳಕನ್ನು ಬಿಡುವುದೇ ಅದರ ಲಕ್ಷಣ. 1852ರಲ್ಲಿ ಇಂಗ್ಲೆಂಡಿನ ಸ್ಟೋಕ್ಸ್ ಎಂಬ ಪಂಡಿತನು ಇದಕ್ಕೆ ಫ್ಲೋರೆಸೆನ್ಸ್ ಎಂಬ ಹೆಸರನ್ನು ಕೊಟ್ಟನು. ಆ ಹೆಸರು ಬಂದುದು ಫ್ಲೋರ್‌ಸ್ಪಾರ್ ಎಂಬ ಹೊಳೆಯುವ ಕಲ್ಲಿನಿಂದ. ಅದೇ ಕಲ್ಲಿನ ಒಡಲಲ್ಲಿರುವುದು ಫ್ಲೋರೈಡು. ಬೆಳಕಿನ ಹೆಸರೂ ನಮ್ಮ ಬಾವಿಗಳ ವಿಷದ ಹೆಸರೂ ಒಂದೇ ಬೇರಿನಿಂದ ಹುಟ್ಟಿವೆಯೆಂಬುದು ವಿಚಿತ್ರವಾದರೂ ಸತ್ಯ.

ಬಳ್ಳಾರಿ ಸೀಮೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದು ಹೊಸ ಸುದ್ದಿಯಲ್ಲ. ನೆಲದಡಿಯ ಕಣಶಿಲೆಗಳಲ್ಲಿರುವ ಖನಿಜಗಳು ನೀರಿನಲ್ಲಿ ಕರಗಿ ಬರುವುದೇ ಇದಕ್ಕೆ ಕಾರಣ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರುವುದು ಒಳ್ಳೆಯದು; ಬೇರೆ ನೀರೇ ಇಲ್ಲದಾಗ 1.5ರವರೆಗೆ ಸೈರಿಸಬಹುದು. ಅದಕ್ಕೆ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ, ಮೊದಲು ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಬಿಳಿಯ ಮತ್ತು ಕಂದಿದ ಕಲೆಗಳು ಮೂಡುತ್ತವೆ. ಪ್ರಮಾಣವು ಇನ್ನೂ ಹೆಚ್ಚಾದರೆ ಮುಂದೆ ಎಲುಬುಗಳು ಬಿರುಸಾಗಿ ಕೀಲುಗಳು ಬಾಗದಂತಾಗುತ್ತವೆ. ಹಾಳಾದ ಹಲ್ಲು ಮತ್ತೆ ಮೊದಲಿನಂತಾಗುವುದಿಲ್ಲ. ಬಗ್ಗಿದ ಬೆನ್ನು ನೆಟ್ಟಗಾಗುವುದಿಲ್ಲ. ನೀರನ್ನು ಕುದಿಸಿದರೆ ದೋಷ ಹೋಗುವುದೆಂಬ ನಂಬಿಕೆಯೂ ಇಲ್ಲಿ ಸಲ್ಲದು; ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದುದರಲ್ಲಿ ಫ್ಲೋರೈಡು ಮತ್ತಷ್ಟು ಗಟ್ಟಿಯಾಗುತ್ತದೆ.

ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿ ಬರೆದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿಯೂ ಆಗ ಅದೇ ಪ್ರಾಂತದೊಳಗಿತ್ತು. 1953ರ ಅಕ್ಟೋಬರ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು, ಸಿರುಗುಪ್ಪವು ಮೈಸೂರು ಸಂಸ್ಥಾನಕ್ಕೆ ಸೇರಿತು. ಪ್ರಾಂತಗಳು ಒಡೆದವು, ಗಡಿಗಳು ಸರಿದವು, ಜಿಲ್ಲೆಯೇ 2021ರಲ್ಲಿ ಎರಡಾಯಿತು. ನೆಲದಡಿಯ ನೀರು ಮಾತ್ರ ಯಾವ ಗಡಿಯನ್ನೂ ಅರಿಯದು. ಎಂಬತ್ತು ವರ್ಷಗಳಿಗೂ ಮಿಕ್ಕಿದ ಹಿಂದೆ ಕಾರಣ ತಿಳಿದ ರೋಗವು ಇಂದಿಗೂ ಮಕ್ಕಳ ಹಲ್ಲುಗಳ ಮೇಲೆ ತನ್ನ ಗುರುತನ್ನು ಬರೆಯುತ್ತಿರುವುದೆಂದರೆ, ಅದು ಜ್ಞಾನದ ಕೊರತೆಯಲ್ಲ, ಜ್ಞಾನವು ಊರನ್ನು ಮುಟ್ಟದ ಕೊರತೆ.

ರಾರಾವಿಯನ್ನೇ ತೆಗೆದುಕೊಳ್ಳೋಣ. ಇತ್ತ ಸಿರುಗುಪ್ಪ, ಅತ್ತ ಆದೋನಿಯ ದಾರಿ. ಹಗರಿಯೆಂದು ಜನರು ಕರೆಯುವ ವೇದಾವತಿ ಹೊಳೆ. ತುಂಗಭದ್ರೆಯ ನೀರಿನಿಂದ ಈ ತಾಲ್ಲೂಕು ಬತ್ತದ ಕಣಜವೆನಿಸಿತು. ಗದ್ದೆಗೆ ನೀರು ಬಂದ ಮಾತ್ರಕ್ಕೆ ಕೊಡಕ್ಕೆ ಒಳ್ಳೆಯ ನೀರು ಬಂದಂತಾಗಲಿಲ್ಲ. ಕಾಲುವೆ ನಿಂತ ಬೇಸಿಗೆಯಲ್ಲಿ ಕೊಳವೆಬಾವಿಯೇ ಗತಿ. ಇಂಥ ಬಾವಿಯ ನೀರು ಕೆಟ್ಟದೆಂದು ಕುಳಿತಲ್ಲಿಂದಲೇ ತೀರ್ಪು ಕೊಡುವುದು ಪತ್ರಿಕೆಯ ಕೆಲಸವಲ್ಲ. ಊರಿನವರು ತಮ್ಮ ಬಾವಿಯ ನೀರನ್ನು ತಾವೇ ನೋಡಿ ತಿಳಿಯುವಂತಾಗಬೇಕೆಂಬುದೇ ನಮ್ಮ ವಾದ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವವನಿಗೆ ತಿಳಿಯುವ ರುಚಿಯಿಲ್ಲ. ಕಣ್ಣು, ಮೂಗು, ನಾಲಗೆ ಮೂರನ್ನೂ ವಂಚಿಸುವ ವೈರಿಯನ್ನು ಹಿಡಿಯಲಿಕ್ಕೆ ನಾಲ್ಕನೆಯದೊಂದು ಉಪಾಯ ಬೇಕು.

ಆ ಉಪಾಯವನ್ನು ಇಂಗಾಲದ ಚುಕ್ಕೆಗಳು ಒದಗಿಸುವ ರೀತಿ ಹೀಗೆ. ಹೊಳೆಯುವ ಕಣಗಳಿರುವ ದ್ರವಕ್ಕೆ ಒಂದು ಲೋಹದ ಅಂಶವನ್ನು ಸೇರಿಸಿದರೆ, ಲೋಹವು ಕಣವನ್ನು ಹಿಡಿದು ಅದರ ಬೆಳಕನ್ನು ಆರಿಸುತ್ತದೆ. ಅದಕ್ಕೆ ಫ್ಲೋರೈಡುಳ್ಳ ನೀರನ್ನು ಹನಿಸಿದರೆ, ಫ್ಲೋರೈಡು ಲೋಹವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಬಿಡುಗಡೆಯಾದ ಕಣವು ಮತ್ತೆ ಬೆಳಗುತ್ತದೆ. ಬೆಳಕು ಮರಳಿದಷ್ಟೂ ವಿಷ ಹೆಚ್ಚು. ಕಬ್ಬಿಣ, ಪಾದರಸ ಮುಂತಾದವುಗಳನ್ನು ಹುಡುಕುವಾಗ ಕ್ರಮವು ತಿರುಗುಮುರುಗು. ಅವು ಬಂದೊಡನೆ ಬೆಳಕು ಕುಂದುತ್ತದೆ. ಬತ್ತ, ಹತ್ತಿ, ಮೆಣಸಿನಕಾಯಿಯ ಹೊಲಗಳಲ್ಲಿ ಸಿಂಪಡಿಸುವ ಕೆಲವು ಬಗೆಯ ಕೀಟನಾಶಕಗಳನ್ನೂ ಇದೇ ಬೆಳಕಿನ ಏರಿಳಿತದಿಂದ ಗುರುತಿಸುವ ವಿಧಾನಗಳು ಹೊರಟಿವೆ. ಬೇಕಾದುದು ಒಂದು ಸಣ್ಣ ನೇರಳಾತೀತ ದೀಪ, ಒಂದು ಕತ್ತಲ ಪೆಟ್ಟಿಗೆ, ಎರಡು ಗಾಜಿನ ನಳಿಗೆಗಳು.

ವೈದ್ಯರಿಗೂ ಇದರಿಂದ ಪ್ರಯೋಜನವುಂಟು. ಕಣಗಳನ್ನು ಜೀವಕೋಶದೊಳಗೆ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತಲೆಯ ಊರಿನಲ್ಲಿ ಮನೆಮನೆಗೆ ದೀಪ ಹಚ್ಚಿದಂತೆ ಕೋಶದ ಒಳಭಾಗಗಳು ಕಾಣುತ್ತವೆ. ಇದಕ್ಕಿಂತ ಮೊದಲೇ ಬಂದ ಕ್ವಾಂಟಂ ಚುಕ್ಕೆಗಳೆಂಬ ಕಣಗಳಿಗಾಗಿ ಬಾವೆಂಡಿ, ಬ್ರೂಸ್, ಎಕಿಮೋವ್ ಎಂಬ ಮೂವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಅವುಗಳಲ್ಲಿ ಪ್ರಸಿದ್ಧವಾದವು ಕ್ಯಾಡ್ಮಿಯಮ್ ಎಂಬ ವಿಷಲೋಹದಿಂದ ಆದವು. ಇಂಗಾಲದ ಚುಕ್ಕೆಗಳಲ್ಲಿ ಆ ಭಯವಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥ ಕಿರಿಯ ಕಣಗಳು ಮೂತ್ರದ ಮೂಲಕ ಹೊರಬಿದ್ದುದು ಕಂಡುಬಂದಿದೆ. ಆದರೂ ಇವುಗಳಲ್ಲಿ ಹೆಚ್ಚಿನವು ನೀಲಿಯಾಗಿ ಹೊಳೆಯುವವು. ನೀಲಿಯ ಬೆಳಕು ಮಾಂಸವನ್ನು ದಾಟಿ ದೂರ ಬರಲಾರದು. ಕೆಂಪಾಗಿ ಹೊಳೆಯುವ ಕಣಗಳನ್ನು ಮಾಡುವುದೇ ಈಗಿನ ಸಂಶೋಧಕರ ದೊಡ್ಡ ಪ್ರಯತ್ನ. ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು. ಅದನ್ನು ಅವಸರದಿಂದ ದಾಟತಕ್ಕದ್ದಲ್ಲ.

ಇಷ್ಟು ಹೇಳಿದ ಮೇಲೆ, ಹೊಗಳಿಕೆಯ ಇನ್ನೊಂದು ಪಕ್ಕವನ್ನೂ ವಾಚಕರ ಮುಂದಿಡದಿದ್ದರೆ ನಾವು ಭಟ್ಟಂಗಿಗಳಾಗುವೆವು. ಇಂಥ ಹೊಸ ಸಂಗತಿಯ ಬಗ್ಗೆ ಪತ್ರಿಕೆಗಳು ಹಿಗ್ಗಿ ಬರೆಯುವುದೂ, ಬರೆದು ಮರೆಯುವುದೂ ವಾಡಿಕೆಯಾಗಿದೆ. ಹಣ್ಣಿನ ಸಿಪ್ಪೆ, ಎಲೆ, ಹೂವು, ಹೊಟ್ಟು ಎಂದು ಒಂದೊಂದರಿಂದಲೂ ಕಣ ಮಾಡಿ ಒಂದೊಂದು ಪ್ರಬಂಧ ಬರೆಯುವುದು ವಿದ್ವಾಂಸರಲ್ಲಿಯೂ ರೂಢಿಯಾಗಿದೆ. ಪ್ರಬಂಧಗಳು ಸಾವಿರಗಟ್ಟಲೆಯಾದವು, ಹಳ್ಳಿಯ ಬಾವಿಕಟ್ಟೆಗೆ ಬಂದ ಪೆಟ್ಟಿಗೆಗಳೆಷ್ಟು?

ಕಾರಣವು ಗೂಢವಾದುದಲ್ಲ. ಪ್ರಯೋಗಶಾಲೆಯಲ್ಲಿ ಭಟ್ಟಿಯಿಳಿಸಿದ ಶುದ್ಧ ನೀರಿಗೆ ಒಂದೇ ಒಂದು ಪದಾರ್ಥವನ್ನು ಬೆರೆಸಿ, ಬೆಳಕು ಕುಂದಿತೆಂದು ತೋರಿಸುವುದು ಸುಲಭ. ಹಗರಿಯ ದಡದ ಬಾವಿಯ ನೀರಿನಲ್ಲಿ ಸುಣ್ಣದಂಶವುಂಟು, ಉಪ್ಪುಂಟು, ಕಬ್ಬಿಣವುಂಟು, ಮಳೆಗಾಲದಲ್ಲಿ ಮಣ್ಣೂ ಉಂಟು. ಕಬ್ಬಿಣವು ನೇರಳಾತೀತ ಕಿರಣವನ್ನು ತಾನೇ ನುಂಗಿಬಿಟ್ಟರೆ, ಕಣಕ್ಕೆ ಏನೂ ಆಗದಿದ್ದರೂ ಬೆಳಕು ಕುಂದಿದಂತೆ ಕಾಣುತ್ತದೆ. ಅದನ್ನು ಬೇರೆ ವಿಷದ ಸಾಕ್ಷಿಯೆಂದು ಬಗೆದರೆ ನಿರಪರಾಧಿಯನ್ನು ಶೂಲಕ್ಕೇರಿಸಿದಂತಾಗುವುದು. ಅಲ್ಲದೆ, ಬೇಯಿಸಿದ ದ್ರವದಲ್ಲಿ ಹೊಳೆಯುವುದೆಲ್ಲ ಕಣವೇ ಅಲ್ಲ. ಸಿಟ್ರಿಕ್ ಆಮ್ಲವೂ ಎಥಿಲೀನ್ ಡಯಮೀನೂ ಕೂಡಿದಾಗ ಹೊಳೆಯುವ ಒಂದು ಸಣ್ಣ ಅಣುವೂ ಹುಟ್ಟುವುದೆಂದೂ, ಕೀರ್ತಿಯ ಬಹುಪಾಲು ಅದಕ್ಕೇ ಸಲ್ಲತಕ್ಕದ್ದೆಂದೂ ಮುಂದಿನ ಪರಿಶೋಧನೆಯಿಂದ ತಿಳಿದುಬಂದಿದೆ. ಚೆನ್ನಾಗಿ ಸೋಸಿ ಶುದ್ಧಿಮಾಡದೆ ಮಾಡಿದ ಕಣಗಳು ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ. ಇಂದು ಸರಿಯಾಗಿ ತೂಗಿ ನಾಳೆ ತಪ್ಪು ತೂಗುವ ತಕ್ಕಡಿಯನ್ನು ಯಾವ ವರ್ತಕನೂ ಇಟ್ಟುಕೊಳ್ಳಲಾರನು.

ಹೊಟ್ಟಿನ ಮಾತಿನಲ್ಲಿಯೂ ಎಚ್ಚರ ಬೇಕು. ನೂರು ಕಿಲೋ ಬತ್ತಕ್ಕೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಬರುತ್ತದೆ. ಗಿರಣಿಯವರು ಅದನ್ನು ಒಲೆಗೆ ಹಾಕುತ್ತಾರೆ. ಈ ಹೊಟ್ಟು ಇನ್ನು ಮೇಲೆ ಬಂಗಾರವಾಗುವುದೆಂದು ರೈತನ ಕಿವಿಯಲ್ಲಿ ಊದುವವರು ಅವನ ಹಿತೈಷಿಗಳಲ್ಲ. ಒಂದು ಪರೀಕ್ಷೆಗೆ ಬೇಕಾದ ಕಣಗಳ ತೂಕವು ಅತ್ಯಲ್ಪ. ಒಂದು ಚೀಲ ಹೊಟ್ಟಿನಿಂದ ಇಡೀ ತಾಲ್ಲೂಕಿನ ನೀರನ್ನು ಪರೀಕ್ಷಿಸಬಹುದಾದಲ್ಲಿ ಗಿರಣಿಯ ಹಿಂದಿನ ರಾಶಿಯು ಹೇಗೆ ಕರಗೀತು? ಇದರ ಲಾಭವು ಹೊಟ್ಟಿನ ಬೆಲೆಯಲ್ಲಿ ಇಲ್ಲ, ಮಕ್ಕಳ ಹಲ್ಲಿನಲ್ಲಿ ಮತ್ತು ಮುದುಕರ ಬೆನ್ನಿನಲ್ಲಿ ಇದೆ.

ಅಧಿಕಾರಿವರ್ಗದವರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆಯ ಶಿಕ್ಷಣ ಕೊಡಬೇಕೆಂಬ ನಿಯಮವಿದೆ, ಪರೀಕ್ಷೆಯ ಪೆಟ್ಟಿಗೆಯೂ ಇದೆ, ಹೊಸತು ಏತಕ್ಕೆ ಎಂದು. ಆಕ್ಷೇಪವು ನ್ಯಾಯವಾದುದೇ. ಬಹುಕಾಲದಿಂದ ಬಳಕೆಯಲ್ಲಿರುವ ಫ್ಲೋರೈಡಿನ ಬಣ್ಣದ ಪರೀಕ್ಷೆಯಲ್ಲಿಯೂ ತತ್ತ್ವವು ಹೆಚ್ಚುಕಡಮೆ ಇದೇ. ಜಿರ್ಕೋನಿಯಮ್ ಎಂಬ ಲೋಹವನ್ನು ಹಿಡಿದಿರುವ ಬಣ್ಣದಿಂದ ಫ್ಲೋರೈಡು ಆ ಲೋಹವನ್ನು ಕಿತ್ತುಕೊಂಡು ಬಣ್ಣವನ್ನು ಮಂಕುಮಾಡುತ್ತದೆ. ಹೊಸತು ಹಳೆಯದರ ಮೊಮ್ಮಗ. ಆದರೆ ಬಣ್ಣದ ಪರೀಕ್ಷೆಯಲ್ಲಿ ಒಂದು ಕೆಂಪಿಗೂ ಇನ್ನೊಂದು ಕೆಂಪಿಗೂ ಇರುವ ಸಣ್ಣ ಅಂತರವನ್ನು ಕಣ್ಣು ಗುರುತಿಸಬೇಕಾಗುತ್ತದೆ. ಕತ್ತಲಲ್ಲಿ ದೀಪ ಹತ್ತಿತೋ ಇಲ್ಲವೋ ಎಂಬುದನ್ನು ಗುರುತಿಸುವುದು ಅದಕ್ಕಿಂತ ಸುಲಭ. ಈ ಸೌಲಭ್ಯವು ಹಳ್ಳಿಯಲ್ಲಿಯೂ ನಿಲ್ಲುವುದೋ ಎಂಬುದನ್ನು ತರ್ಕದಿಂದಲ್ಲ, ಪರೀಕ್ಷೆಯಿಂದ ತೀರ್ಮಾನಿಸಬೇಕು.

ಆದುದರಿಂದ ನಮ್ಮ ಸೂಚನೆಗಳು ಮೂರು. ಮೊದಲನೆಯದು: ರಾರಾವಿಯಂಥ ಗಡಿಯ ಊರೊಂದರಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಸೇರಿದಂತೆ ಒಂದು ವರ್ಷದ ಪರೀಕ್ಷೆ ನಡೆಯಲಿ. ಪ್ರತಿಯೊಂದು ಬಾವಿಯ ನೀರನ್ನೂ ಹಳೆಯ ಬಣ್ಣದ ಪೆಟ್ಟಿಗೆಯಿಂದಲೂ ಹೊಸ ಬೆಳಕಿನ ವಿಧಾನದಿಂದಲೂ ನೋಡಿ, ಎರಡನ್ನೂ ಪ್ರಯೋಗಶಾಲೆಯ ವಿದ್ಯುದಗ್ರದ ಮಾಪನಕ್ಕೆ ಒರೆಹಚ್ಚಲಿ. ಯಾವುದು ಗೆದ್ದರೂ ಊರಿಗೆ ನಷ್ಟವಿಲ್ಲ. ಹಳೆಯದೇ ಗೆದ್ದರೆ ಅದನ್ನೇ ಶ್ರದ್ಧೆಯಿಂದ ನಡೆಸಲಿ. ಈ ಕೆಲಸಕ್ಕೆ ಪರದೇಶದ ಪಂಡಿತರು ಬರಬೇಕಾದುದಿಲ್ಲ. ಬಳ್ಳಾರಿಯಲ್ಲಿಯೇ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯೂ 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇವೆ. ಬೆಳಕಿನ ವಿಷಯದಲ್ಲಿ ರಾಮನ್ನರು 1930ರಲ್ಲಿಯೇ ನೊಬೆಲ್ ಪಾರಿತೋಷಕ ಪಡೆದ ದೇಶವಿದು. ಅವರು ತಮ್ಮ ಸಂಶೋಧನಾಲಯವನ್ನು ಕಟ್ಟಿ ನೆಲೆಸಿದುದು ನಮ್ಮ ನಾಡಿನಲ್ಲಿಯೇ.

ಎರಡನೆಯದು: ಫಲಿತಾಂಶವು ಕನ್ನಡದಲ್ಲಿ, ಪಂಚಾಯತಿಯ ಗೋಡೆಯ ಮೇಲೆ, ಬಾವಿಯ ಹೆಸರೂ ತಾರೀಖೂ ಅಂಕಿಯೂ ಸಹಿತ ಬರೆಯಲ್ಪಡಬೇಕು. ಪರಭಾಷೆಯ ಮಾಸಿಕದಲ್ಲಿ ಅಚ್ಚಾಗಿ ಕಪಾಟಿನಲ್ಲಿ ಮಲಗುವ ಫಲಿತಾಂಶದಿಂದ ಬರೆದವನಿಗೆ ಪದವಿ ಬಂದೀತು, ಕುಡಿದವನಿಗೆ ಬುದ್ಧಿ ಬಾರದು. ತನ್ನ ನೀರಿನ ಗುಣವನ್ನು ತನ್ನ ಭಾಷೆಯಲ್ಲಿ ಓದಿ ತಿಳಿಯುವುದು ಪ್ರಜೆಯ ಹಕ್ಕು.

ಮೂರನೆಯದು: ಪರೀಕ್ಷೆ ಮಾಡತಕ್ಕವರು ಊರಿನ ಹೆಂಗಸರೇ ಆಗಿರಲಿ. ಅವರಿಂದ ಇಂಥ ಸೂಕ್ಷ್ಮ ಕೆಲಸವಾದೀತೇ ಎಂದು ಮೂಗು ಮುರಿಯುವವರಿಗೆ ನಮ್ಮ ಉತ್ತರವಿಷ್ಟೆ. ಹಾಲಿಗೆ ಎಷ್ಟು ನೀರು ಬೆರೆತಿದೆಯೆಂಬುದನ್ನು ಕಣ್ಣಳತೆಯಿಂದಲೇ ಹೇಳುವ ಹೆಂಗಸು, ಕತ್ತಲ ಪೆಟ್ಟಿಗೆಯಲ್ಲಿ ನಳಿಗೆ ಬೆಳಗಿತೋ ಇಲ್ಲವೋ ಹೇಳಲಾರಳೆಂಬುದು ಅವಳ ಅಜ್ಞಾನವನ್ನಲ್ಲ, ಹೇಳುವವರ ಅಜ್ಞಾನವನ್ನು ತೋರಿಸುತ್ತದೆ. ಕೊಡ ಹೊರುವವಳಿಗಿಂತ ನೀರಿನ ವಿಷಯದಲ್ಲಿ ಹೆಚ್ಚು ಆಸ್ಥೆಯುಳ್ಳ ಪರೀಕ್ಷಕನು ದೊರೆಯುವುದಾದರೂ ಎಲ್ಲಿ?

ಕೊನೆಯ ಮಾತೊಂದಿದೆ. ನಾಡಿ ನೋಡಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಇಂಗಾಲದ ಕಣವು ವಿಷವನ್ನು ತೋರಿಸುವುದು, ತೆಗೆಯುವುದಿಲ್ಲ. ಬಾವಿ ಕೆಟ್ಟಿದೆಯೆಂದು ತಿಳಿದ ದಿನದಿಂದಲೇ ಹೊಳೆಯ ಶುದ್ಧಜಲವನ್ನೋ ಸೋಸಿದ ನೀರನ್ನೋ ಒದಗಿಸುವ ಹೊಣೆಯು ಸರಕಾರದ ತಲೆಯ ಮೇಲೆ ಬೀಳುತ್ತದೆ. ಬಹುಶಃ ಪರೀಕ್ಷೆಗಳು ಕಡತದಲ್ಲಿಯೇ ಉಳಿಯುವುದಕ್ಕೆ ಇದೇ ಕಾರಣವಿರಬಹುದು. ತಿಳಿಯದಿದ್ದರೆ ಹೊಣೆಯೂ ಇಲ್ಲವಷ್ಟೆ. ಆ ನೆಪವನ್ನು ಕಿತ್ತುಹಾಕುವುದೇ ಪರೀಕ್ಷೆಯ ಮುಖ್ಯ ಪ್ರಯೋಜನವೆಂದು ನಾವು ಎಣಿಸುತ್ತೇವೆ.

ಕೂಸಿನ ಕಣ್ಣಿಗೆ ದೃಷ್ಟಿ ತಾಗದಿರಲೆಂದು ತಾಯಿಯು ಕಾಡಿಗೆ ಹಚ್ಚಿದಳು. ಆ ನಂಬಿಕೆಯಲ್ಲಿದ್ದ ವಾತ್ಸಲ್ಯವು ದೊಡ್ಡದು, ಆದರೆ ಮಸಿಯು ಅಂದು ಕೂಸನ್ನು ಕಾಯಲು ಶಕ್ತವಾಗಿರಲಿಲ್ಲ. ಇಂದು ಅದೇ ಮಸಿಗೆ ವಿದ್ಯೆಯ ಬಲದಿಂದ ನಿಜವಾಗಿ ಕಾಯುವ ಶಕ್ತಿ ಬಂದಿದೆ. ಅದನ್ನು ರಾರಾವಿಯ ಬಾವಿಕಟ್ಟೆಯವರೆಗೆ ಒಯ್ಯುವ ಕೆಲಸವು ವಿದ್ವಾಂಸರದೂ ಅಧಿಕಾರಿಗಳದೂ ನಮ್ಮ ನಿಮ್ಮೆಲ್ಲರದೂ ಆಗಿದೆ. ಬೇಸಿಗೆ ಬಂದು ಕಾಲುವೆ ನಿಲ್ಲುವುದರೊಳಗೆ ಮೊದಲ ನಳಿಗೆಯ ನೀರು ಬೆಳಕಿಗೆ ಬರಲಿ.